ಇಬ್ಬರ ಪಕ್ಷವೂ ಒಬ್ಬ ನರ್ಸಮ್ಮನೂ

ದೊಡ್ಡ ಪಕ್ಷದಲ್ಲಿ ಎಡವಟ್ಟಾದರೆ ಯಾರ ತಲೆಗೆ ಕಟ್ಟೋದು ಅಂತ ಹುಡುಕಬೇಕು. ನಮ್ಮ ಪಕ್ಷದಲ್ಲಿ ಆ ತಾಪತ್ರಯ ಇರಲಿಲ್ಲ. ವಿಧಾನಸಭೆಯಲ್ಲಿ ನಮ್ಮವರು ಇದ್ದದ್ದೇ ಇಬ್ಬರು. ಇವರಲ್ಲ ಅಂದರೆ ಅವರು. ಹಾಗಾಗಿ ಅಧಿವೇಶನ ಶುರುವಾಯಿತು ಅಂದರೆ ಏನಾದರೊಂದು ನಡೆದೇ ನಡೆಯೋದು. ನಗಬೇಕೋ ಅಳಬೇಕೋ ಗೊತ್ತಾಗದೆ ನಾನು ಟೈಪ್ ಮಾಡುತ್ತಾ ಕೂತಿರುತ್ತಿದ್ದೆ.

ಇಬ್ಬರಲ್ಲಿ ಒಬ್ಬರು ಗುಬ್ಬಿ ಕಡೆಯ ವಕೀಲರು, ತುಮಕೂರು ಕೋರ್ಟಿನಲ್ಲಿ ಪ್ರಾಕ್ಟೀಸು. ಪಕ್ಷದ ನಾಯಕರು ಅವರೇ. ಇನ್ನೊಬ್ಬರು ಕುಣಿಗಲ್ ತಾಲ್ಲೂಕಿನವರು, ಇಪ್ಪತ್ತು ವರ್ಷ ಮಿಡ್ಲ್ ಸ್ಕೂಲಿನಲ್ಲಿ ಪಾಠ ಹೇಳಿ, ರಾಜೀನಾಮೆ ಕೊಟ್ಟು, ಓಟಿಗೆ ಇಪ್ಪತ್ತೊಂದು ತುಂಬಬೇಕಿದ್ದ ಆ ಕಾಲದಲ್ಲಿ ಹಳೇ ಶಿಷ್ಯರ ಓಟಿನಿಂದಲೇ ಗೆದ್ದು ಬಂದವರು. ಶಾಸಕರಾದ ಮೇಲೂ ಅವರು ಎಲ್ಲರಿಗೂ ಮೇಷ್ಟ್ರೇ. ನಾನು ವಕೀಲರ ಆಫೀಸಿನ ಟೈಪಿಸ್ಟು. ಎಲೆಕ್ಷನ್ ಆದ ಮೇಲೆ ಇಬ್ಬರ ಕಾಗದಪತ್ರವೂ ನನ್ನ ಮೇಜಿಗೇ ಬಂದು ಬಿತ್ತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅಂತಾರಲ್ಲ, ಆ ಗಾಡಿಯಲ್ಲಿ ಕೂತಿದ್ದವನು ನಾನು.

೧. ಪ್ರಶ್ನೆಪತ್ರಿಕೆ

ಶಾಸಕರು ಮಂತ್ರಿಗಳಿಗೆ ಪ್ರಶ್ನೆ ಕೇಳಬಹುದು ಅಂತ ಗೊತ್ತಾದ ದಿನ ಮೇಷ್ಟ್ರಿಗೆ ಆದ ಸಂತೋಷ ಗೆದ್ದ ದಿನವೂ ಆಗಿರಲಿಲ್ಲ. ಅವರ ಜನ್ಮವೆಲ್ಲ ಕಳೆದದ್ದು ಅದರಲ್ಲೇ ತಾನೆ. ರಾತ್ರೋರಾತ್ರಿ ಬರೆದು ತಂದು ಕೊಟ್ಟರು. ತಲೆಬರಹದಲ್ಲಿ, "ಈ ಕೆಳಗಿನವುಗಳಿಗೆ ಒಂದೊಂದು ವಾಕ್ಯದಲ್ಲಿ ಉತ್ತರಿಸಿ. ಅಂದವಾದ ಬರವಣಿಗೆಗೆ ಗಮನ ಕೊಡಲಾಗುವುದು."

"ಮೇಷ್ಟ್ರೇ, ಮಂತ್ರಿಗಳಿಗೆ ಹೀಗೆ ಬರೀಬಹುದಾ?" ಅಂದೆ.

"ಯಾಕೆ, ಅವರು ಕನ್ನಡ ಓದಿಲ್ವೇನಯ್ಯ?" ಅಂದರು. ಟೈಪ್ ಮಾಡಿ ಕಳಿಸಿದೆ. ಸಭೆಯ ಕಚೇರಿಯಿಂದ ತಲೆಬರಹಕ್ಕೆ ಗೀಟು ಹಾಕಿ ವಾಪಸ್ ಬಂತು.

ಕೊನೆಗೆ ಉತ್ತರವೂ ಬಂತು. ನಾಲ್ಕು ಪ್ರಶ್ನೆಗೆ ನಾಲ್ಕು ಸಲ, "ಮಾಹಿತಿ ಸಂಗ್ರಹಿಸಲಾಗುತ್ತಿದೆ." ಮೇಷ್ಟ್ರು ಕೆಂಪು ಶಾಯಿ ತೆಗೆದು ನಾಲ್ಕಕ್ಕೂ ಸೊನ್ನೆ ಸುತ್ತಿ, "ಪಕ್ಕದವರದ್ದು ನೋಡಿ ಬರೆದಂತಿದೆ" ಅಂತ ಷರಾ ಬರೆದು ಮಂತ್ರಿಗಳಿಗೇ ಹಿಂದಕ್ಕೆ ಕಳಿಸಿಬಿಟ್ಟರು. ನನ್ನ ಜೀವ ಹೋಗಿ ಬಂತು. ಆದರೆ ಮಂತ್ರಿಗಳು ರಸಿಕರು. ಮೊಗಸಾಲೆಯಲ್ಲಿ ಸಿಕ್ಕಾಗ ಮೇಷ್ಟ್ರ ಕೈ ಹಿಡಕೊಂಡು, "ಏನ್ ಮೇಷ್ಟ್ರೇ, ಒಂದೆರಡು ಗ್ರೇಸ್ ಮಾರ್ಕ್ಸಾದ್ರೂ ಕೊಡಬಾರದಿತ್ತೇ?" ಅಂದರಂತೆ.

ಮೇಷ್ಟ್ರು ನಗಲಿಲ್ಲ. "ಗ್ರೇಸ್ ಕೊಡೋದು ಬರೆಯೋಕೆ ಪ್ರಯತ್ನಪಟ್ಟೋರಿಗೆ ಸ್ವಾಮಿ" ಅಂದರಂತೆ.

೨. ಕೊರತೆಯಿಲ್ಲದ ಆಸ್ಪತ್ರೆ

ಇಲ್ಲಿ ನನ್ನ ವಿಷಯ ಸ್ವಲ್ಪ ಹೇಳಬೇಕು. ನಮ್ಮೂರು ಅಮೃತೂರಿನಿಂದ ಆಚೆ. ನಾನು ತುಮಕೂರಿನಲ್ಲಿ ರೂಮು ಮಾಡಿಕೊಂಡಿದ್ದು ಶನಿವಾರದ ಬಸ್ಸಿಗೆ ಊರಿಗೆ ಹೋಗುತ್ತಿದ್ದೆ. ಹಿಂದಿನ ವರ್ಷ ನನ್ನ ಹೆಂಡತಿಗೆ ಹೆರಿಗೆ ಕಷ್ಟವಾಗಿ, ಕೋಳಿ ಕೂಗೋ ಹೊತ್ತಿಗೆ ಎತ್ತಿನ ಗಾಡಿ ಕಟ್ಟಿಸಿ ಕುಣಿಗಲ್ ಕಡೆ ಹೊರಟಿದ್ದೆವು. ಕುಣಿಗಲ್ ಕೆರೆ ಏರಿ ಕಣ್ಣಿಗೆ ಬೀಳೋ ಹೊತ್ತಿಗೆ ಎಲ್ಲಾ ಮುಗಿದಿತ್ತು. ಅವಳು ಉಳಿದಳು, ಮಗು ಉಳಿಯಲಿಲ್ಲ. ಹೊಟ್ಟೆ ಉರಿಯೋ ಸಂಗತಿ ಏನಂದರೆ, ನಮ್ಮ ಪಕ್ಕದೂರಿನಲ್ಲೇ ಹೆರಿಗೆ ಆಸ್ಪತ್ರೆ ಅಂತ ಒಂದು ಕಟ್ಟಡ ಇತ್ತು. ಸುಣ್ಣ ಬಣ್ಣ ಆಗಿ ಆಗಲೇ ಒಂದು ವರ್ಷವಾಗಿತ್ತು. ನರ್ಸೇ ಬಂದಿರಲಿಲ್ಲ.

ಮೇಷ್ಟ್ರು ಇದನ್ನು ಕೇಳಿ ಕೊಡೆ ಕೈಗೆ ತಗೊಂಡರು. "ನಡಿ, ನೋಡ್ಕೊಂಡು ಬರೋಣ" ಅಂದರು.

ಹೋದರೆ ಕಟ್ಟಡ ಫಳಫಳ ಅನ್ನುತ್ತಿತ್ತು. ಎರಡು ಮಂಚ, ಒಂದು ತೊಟ್ಟಿಲು, ಒಬ್ಬ ವಾಚ್‌ಮನ್. ಆತ ಎದ್ದು ನಿಂತು ಕೈ ಮುಗಿದ. "ಇಲ್ಲಿ ಏನೇನೂ ಕೊರತೆ ಇಲ್ಲ ಬುದ್ಧಿ. ಎಲ್ಲಾ ಸೌಕರ್ಯ ಐತೆ. ಹೆರಿಗೆ ಒಂದು ಆಗಕಿಲ್ಲ ಅಷ್ಟೇಯ."

ಅವನ ಹತ್ತಿರ ಒಂದು ರಿಜಿಸ್ಟರು. ದಿನಾ ತಪ್ಪದೆ ತುಂಬಿದ್ದಾನೆ, ಪುಣ್ಯಾತ್ಮ. ಹೆರಿಗೆ: ಇಲ್ಲ. ದೂರು: ಇಲ್ಲ. ಪ್ರತಿ ತಿಂಗಳೂ ಅದರ ನಕಲು ಮೇಲಕ್ಕೆ ಹೋಗುತ್ತಿತ್ತು. ಮೇಷ್ಟ್ರು ನರ್ಸ್ ಯಾಕಿಲ್ಲ ಅಂತ ಪತ್ರ ಬರೆದರೆ, ಇಲಾಖೆಯಿಂದ ಬಂದ ಉತ್ತರ ಇದು: "ಸದರಿ ಆಸ್ಪತ್ರೆಯಲ್ಲಿ ಎರಡು ವರ್ಷಗಳಿಂದ ಒಂದು ಹೆರಿಗೆಯೂ ದಾಖಲಾಗಿಲ್ಲವಾದ ಕಾರಣ ನರ್ಸಿನ ಅವಶ್ಯಕತೆ ಕಂಡುಬಂದಿರುವುದಿಲ್ಲ."

ಮೇಷ್ಟ್ರು ಈ ಸಲ ಕೆಂಪು ಶಾಯಿ ಮುಟ್ಟಲಿಲ್ಲ. "ಇದಕ್ಕೆ ಮಾರ್ಕ್ಸ್ ಕೊಡಬೇಕು ಕಣಯ್ಯ, ತರ್ಕ ಚೆನ್ನಾಗಿದೆ" ಅಂದರು. ಅಷ್ಟು ಸಿಟ್ಟು ಬಂದಿತ್ತು ಅವರಿಗೆ.

೩. ಎಡಗಡೆ ಸಾರ್

ಚುಕ್ಕೆ ಪ್ರಶ್ನೆ ಅಂತ ಒಂದಿರುತ್ತೆ. ಅದಕ್ಕೆ ಮಂತ್ರಿಗಳು ಎದ್ದು ನಿಂತು ಬಾಯಲ್ಲೇ ಉತ್ತರ ಹೇಳಬೇಕು, ಶಾಸಕರು ಮೇಲೆ ಮೇಲೆ ಉಪಪ್ರಶ್ನೆ ಕೇಳಿ ಹಿಡಿದು ಹಾಕಬಹುದು. ಆದರೆ ಹೆಸರು ಕೂಗಿದಾಗ ಶಾಸಕರು ಜಾಗದಲ್ಲಿ ಇಲ್ಲದಿದ್ದರೆ ಆ ಪ್ರಶ್ನೆಯ ಕಥೆ ಅಲ್ಲಿಗೆ ಮುಗೀತು. ಮೇಷ್ಟ್ರು ನರ್ಸಮ್ಮನ ವಿಷಯ ಚುಕ್ಕೆ ಪ್ರಶ್ನೆ ಮಾಡಿ ಹಾಕಿದರು. ಬಂದ ನಂಬರು ಒಂಬತ್ತು. ಏಳನೇದು ನಮ್ಮ ವಕೀಲರದ್ದೇ, ಸೀಮೆಎಣ್ಣೆ ಬಗ್ಗೆ.

ವಕೀಲರಿಗೆ ಸಭಾತ್ಯಾಗ ಅಂದರೆ ಪ್ರಾಣ. ಶಲ್ಯ ಕೊಡವಿ ಹೆಗಲಿಗೆ ಹಾಕಿ ನಡೆಯೋ ಗತ್ತನ್ನು ನಾನು ಗ್ಯಾಲರಿಯಲ್ಲಿ ಕೂತು ನೋಡಿದ್ದೀನಿ. ಅವತ್ತು ಸೀಮೆಎಣ್ಣೆ ಉತ್ತರ ಹಿಡಿಸಲಿಲ್ಲ ಅಂತ, "ಇದನ್ನು ಖಂಡಿಸಿ ನಮ್ಮ ಪಕ್ಷ ಸಭಾತ್ಯಾಗ ಮಾಡುತ್ತದೆ" ಅಂತ ಘೋಷಿಸಿ ಹೊರಟರು. ಮೇಷ್ಟ್ರೂ ಶಿಸ್ತಿನ ಮನುಷ್ಯ, ಹಿಂದೆಯೇ ಎದ್ದು ಹೋದರು. ಅಷ್ಟು ದೊಡ್ಡ ಸಭೆಯಲ್ಲಿ ಇಬ್ಬರು ಎದ್ದು ಹೋದರೆ ಯಾರಿಗೆ ಕಾಣುತ್ತೆ? ಬಾಗಿಲಲ್ಲಿದ್ದ ಡಫೇದಾರ ಇವರ ಅವಸರ ನೋಡಿ ಪಾಪ, "ಎಡಗಡೆ ಸಾರ್, ಮೂಲೇಲಿದೆ" ಅಂತ ದಾರಿ ತೋರಿಸಿದ.

ಒಳಗೆ ಒಂಬತ್ತನೇ ನಂಬರು ಕೂಗಿದರು. ಖಾಲಿ ಜಾಗ ನೋಡಿದರು. ಹತ್ತಕ್ಕೆ ಹೋದರು. ನನ್ನ ಹೆಂಡತಿಗೆ ಆಗ ಮತ್ತೆ ಮೂರು ತಿಂಗಳಾಗಿತ್ತು. ಇನ್ನು ಮುಂದಿನ ಅಧಿವೇಶನದವರೆಗೆ ಕಾಯಬೇಕು. ಗ್ಯಾಲರಿಯಿಂದ ಇಳಿದು ಬಂದರೆ ವಕೀಲರು ಕಾಫಿ ಕುಡಿಯುತ್ತಾ, "ಹೆಂಗಿತ್ತಯ್ಯ, ಮಂತ್ರಿ ನಡುಗಿಹೋದರಾ?" ಅಂದರು.

"ಇಲ್ಲ ಸಾರ್, ಅವರು ನೋಡ್ಲೇ ಇಲ್ಲ" ಅಂದೆ. ಅದಕ್ಕಿಂತ ಹೆಚ್ಚು ಮಾತಾಡಿದ್ದರೆ ಕೆಲಸ ಹೋಗುತ್ತಿತ್ತು.

೪. ಒಂದಕ್ಕೆ ಎರಡು

ಆ ನಡುವೆ ಮೇಲ್ಮನೆ ಚುನಾವಣೆ ಬಂತು. ಅದರಲ್ಲಿ ಕೆಲವು ಸ್ಥಾನಗಳಿಗೆ ಓಟು ಹಾಕೋರು ಶಾಸಕರೇ. ಒಬ್ಬ ಅಭ್ಯರ್ಥಿ ದೊಡ್ಡ ಕಾರಿನಲ್ಲಿ ಧೂಳೆಬ್ಬಿಸಿಕೊಂಡು ಮೇಷ್ಟ್ರ ಮನೆಗೆ ಬಂದ. ನಾನು ಅಲ್ಲೇ ಇದ್ದೆ. ಮಜ್ಜಿಗೆ ಕುಡಿದು, ಮೀಸೆ ಒರೆಸಿಕೊಂಡು, "ಮೇಷ್ಟ್ರೇ, ಸುತ್ತಿಬಳಸಿ ಮಾತಾಡೋನಲ್ಲ ನಾನು. ನಿಮಗೇನ್ ಬೇಕು ಹೇಳಿ, ಮಾಡಿಸ್ಕೊಡ್ತೀನಿ" ಅಂದ.

"ಒಬ್ಬ ನರ್ಸಮ್ಮ ಬೇಕು" ಅಂದರು ಮೇಷ್ಟ್ರು. ನಾನು ಕೂತಲ್ಲಿಂದ ಅರ್ಧ ಎದ್ದೆ. ಅಷ್ಟರಲ್ಲಿ, "ಆದ್ರೆ ನಿಮ್ಮಿಂದ ಬೇಡ. ಓಟಿಗೆ ಬದಲು ತಗೊಂಡ್ರೆ ಅದು ಲಂಚ ಆಗುತ್ತೆ. ಸಭೇಲಿ ಕೇಳಿ ತಗೋತೀನಿ" ಅಂದುಬಿಟ್ಟರು.

ಆ ಮನುಷ್ಯ ಪೆಚ್ಚಾಗಿ ಹೋದ. ನನಗೆ ತಡೆಯಲಿಲ್ಲ. "ನಿಮ್ಮ ನೀತಿ ಕಟ್ಕೊಂಡು ನಾನೇನ್ ಮಾಡ್ಲಿ ಮೇಷ್ಟ್ರೇ? ಮತ್ತೆ ಗಾಡಿ ಕಟ್ಟಿಸ್ಲಾ?" ಅಂತ ಕೂಗಾಡಿದೆ. ಜನ್ಮದಲ್ಲಿ ಅವರೆದುರು ದನಿ ಎತ್ತಿದ್ದು ಅದೊಂದೇ ಸಲ. ಅವರು ತಲೆ ತಗ್ಗಿಸಿ ಕೂತರು. "ನನ್ನ ಮಗಳಾಗಿದ್ರೂ ಹಿಂಗೇ ಹೇಳ್ತಿದ್ನಾ ಅಂತ ನಾನೂ ಯೋಚ್ನೆ ಮಾಡ್ತಾ ಇದೀನಿ ಕಣಯ್ಯ. ಗೊತ್ತಾಗ್ತಿಲ್ಲ" ಅಂದರು.  

ಮಾರನೇ ದಿನ ಬೆಳಿಗ್ಗೆ ಅದೇ ಕಾರು ಮತ್ತೆ ಬಂತು. ಮೇಷ್ಟ್ರು ಚೌಕಾಸಿ ಮಾಡುತ್ತಿದ್ದಾರೆ ಅಂದುಕೊಂಡಿತ್ತು ಆಸಾಮಿ. ಇಳಿಯೋದಕ್ಕೂ ಮುಂಚೆ ಕಾರಿನಿಂದಲೇ ತಲೆ ಹೊರಗೆ ಹಾಕಿ, "ಆಯ್ತು ಮೇಷ್ಟ್ರೇ, ಎರಡು ನರ್ಸು, ಒಬ್ಬ ಕಾಂಪೌಂಡರ್ರು. ಇದರ ಮೇಲೆ ಕೇಳ್ಬೇಡಿ" ಅಂದ.

೫. ಪಕ್ಷ ಒಡೆಯಿತು

ಮುಂದಿನ ಅಧಿವೇಶನ. ಹೆಂಡತಿಗೆ ಆರು ತುಂಬಿ ಏಳಕ್ಕೆ ಬಿದ್ದಿತ್ತು. ಈ ಸಲವೂ ವಕೀಲರ ಪ್ರಶ್ನೆ ಮುಂದೆ, ಮೇಷ್ಟ್ರದು ಹಿಂದೆ. ಈ ಸಲವೂ ವಕೀಲರಿಗೆ ಉತ್ತರ ಹಿಡಿಸಲಿಲ್ಲ. ಶಲ್ಯ ಕೊಡವಿದರು, ಘೋಷಿಸಿದರು, ನಡೆದರು. ಬಾಗಿಲ ತನಕ ಹೋಗಿ ತಿರುಗಿ ನೋಡಿದರೆ ಹಿಂದೆ ಯಾರೂ ಇಲ್ಲ. ಮೇಷ್ಟ್ರು ಎರಡು ಕೈಯಲ್ಲೂ ಮೇಜು ಹಿಡಿದು ಕೂತಿದ್ದರು. ವಕೀಲರು ಕಣ್ಣಲ್ಲಿ ಕರೆದರು, ಕೈಯಲ್ಲಿ ಕರೆದರು, ಕೆಮ್ಮಿದರು. ಮೇಷ್ಟ್ರು ಮೇಲಿನ ದೀಪ ನೋಡುತ್ತಾ ಕೂತರು.

ನಂಬರು ಕೂಗಿದ್ದೇ ತಡ ಎದ್ದು ನಿಂತರು. ಮಂತ್ರಿಗಳು ಅದೇ ಹಳೇ ಉತ್ತರ ಓದಿದರು. ಮೇಷ್ಟ್ರು ತಣ್ಣಗೆ ಕೇಳಿದರು: "ಹುಚ್ಚು ಬಿಡದೆ ಮದುವೆ ಆಗಲ್ಲ, ಮದುವೆ ಆಗದೆ ಹುಚ್ಚು ಬಿಡಲ್ಲ ಅಂತಾರೆ. ನರ್ಸಿಲ್ಲದೆ ಹೆರಿಗೆ ಆಗಲ್ಲ, ಹೆರಿಗೆ ಆಗದೆ ನರ್ಸ್ ಕೊಡಲ್ಲ ಅಂತೀರಿ. ಮೊದಲು ಹೆರಬೇಕಾದವರು ಯಾರು, ಇಲಾಖೆಯವರೋ?"

ಸಭೆಗೆ ಸಭೆಯೇ ನಕ್ಕಿತು. ಮಂತ್ರಿಗಳೂ ನಕ್ಕು, "ವಿರೋಧ ಪಕ್ಷದ ಅರ್ಧ ಭಾಗ ಕೂತು ನನ್ನ ಉತ್ತರ ಕೇಳಿದೆ. ಆ ಮರ್ಯಾದೆಗಾದ್ರೂ ಒಂದು ತಿಂಗಳೊಳಗೆ ನರ್ಸನ್ನ ಕಳಿಸ್ತೀನಿ" ಅಂದರು. ನಾನು ಗ್ಯಾಲರಿಯಲ್ಲಿ ಕೂತು ಕಣ್ಣೊರೆಸಿಕೊಂಡೆ.

ಮಾರನೇ ದಿನ ಪೇಪರಿನಲ್ಲಿ ನರ್ಸಮ್ಮನ ಸುದ್ದಿ ಒಂದಕ್ಷರ ಇಲ್ಲ. "ಪಕ್ಷ ಇಬ್ಭಾಗ: ಎರಡೂ ಬಣ ಸಮಬಲ" ಅಂತ ದಪ್ಪಕ್ಷರ. ತುಮಕೂರಿನ ಹೋಟ್ಲಿನಲ್ಲಿ ದೋಸೆ ತಿನ್ನುತ್ತಿದ್ದವನನ್ನು ಪರಿಚಯದವರೊಬ್ಬರು, "ನೀವು ಯಾವ ಬಣ ಸ್ವಾಮಿ?" ಅಂತ ಗಂಭೀರವಾಗಿ ಕೇಳಿದರು.

"ಸಂಬಳ ಒಂದು ಬಣದ್ದು, ಸಂಸಾರ ಇನ್ನೊಂದು ಬಣದ್ದು" ಅಂದೆ.

೬. ಆಸ್ಪತ್ರೆ ಜಗಲಿಯ ಸಭೆ

ನರ್ಸಮ್ಮ ಬಂದರು. ಮಾತು ಕಮ್ಮಿ, ಕೆಲಸ ಗಟ್ಟಿ. ವಕೀಲರ ಸಿಟ್ಟು ಮಾತ್ರ ಇಳಿದಿರಲಿಲ್ಲ. ಶಿಸ್ತು ಮುರಿದದ್ದಕ್ಕೆ ಮೇಷ್ಟ್ರನ್ನು ಆರು ತಿಂಗಳು ಅಮಾನತ್ತಿನಲ್ಲಿಡೋ ಠರಾವನ್ನು ನನ್ನ ಕೈಯಲ್ಲೇ ಟೈಪ್ ಮಾಡಿಸಿದರು. ಅದನ್ನು ಪಕ್ಷದ ಸಭೆಯಲ್ಲೇ ಪಾಸು ಮಾಡಬೇಕು. ಮೇಷ್ಟ್ರು ತುಮಕೂರಿಗೆ ಬರಲಿಲ್ಲ ಅಂತ ಒಂದು ದಿನ ವಕೀಲರೇ ಬಸ್ಸು ಹತ್ತಿ ಅವರ ಊರಿಗೆ ಬಂದರು.

ಅವತ್ತೇ ಬೆಳಿಗ್ಗೆ ನನ್ನ ಹೆಂಡತಿಗೆ ನೋವು ಶುರುವಾಗಿತ್ತು. ನಾನೂ ಮೇಷ್ಟ್ರೂ ಆಸ್ಪತ್ರೆ ಜಗಲಿಯಲ್ಲಿ ಕೂತಿದ್ದೆವು. ಒಳಗೆ ಅವಳ ನರಳಾಟ ಕೇಳಿದಾಗಲೆಲ್ಲ ನನಗೆ ಆ ಗಾಡಿ, ಆ ಕೆರೆ ಏರಿ ನೆನಪಾಗಿ ಎದ್ದು ಬಾಗಿಲ ತನಕ ಹೋಗಿ ಬರುತ್ತಿದ್ದೆ. ವಕೀಲರು ಹುಡುಕಿಕೊಂಡು ಅಲ್ಲಿಗೇ ಬಂದರು. ವಿಷಯ ತಿಳಿದು, "ಅಯ್ಯೋ, ಇನ್ನೊಂದಿನ ಬರ್ತೀನಿ ಬಿಡಿ" ಅಂದರು.

"ಬೇಡ, ಕೂತ್ಕೊಳ್ಳಿ" ಅಂದರು ಮೇಷ್ಟ್ರು. "ಇವನ ಮುಖ ನೋಡಿ. ಕೈಗೊಂದು ಕೆಲಸ ಸಿಕ್ಕಿದ್ರೆ ಹೊತ್ತು ಹೋಗುತ್ತೆ. ಸಭೆ ಇಲ್ಲೇ ಮಾಡೋಣ. ಬರ್ಕೋಳಯ್ಯ."

ವಕೀಲರು ಠರಾವು ಓದಿ ಮಂಡಿಸಿದರು. ಓದಿ ಮುಗಿಸಿದ ಮೇಲೆ ತಲೆ ಕೆರೆದುಕೊಂಡರು. ಠರಾವು ಅಂದ ಮೇಲೆ ಅನುಮೋದಿಸೋಕೆ ಇನ್ನೊಬ್ಬ ಸದಸ್ಯ ಬೇಕಲ್ಲ. ಇದ್ದವರು ಆಪಾದಿತರೊಬ್ಬರೇ.

"ನಾನೇ ಅನುಮೋದಿಸ್ತೀನಿ" ಅಂದರು ಮೇಷ್ಟ್ರು. "ತಪ್ಪು ಮಾಡಿರೋದು ನಿಜ ತಾನೆ?"

"ಪರವಾಗಿ?" ಅಂದರು ವಕೀಲರು. ಇಬ್ಬರೂ ಕೈ ಎತ್ತಿದರು. ಎರಡು ಅಂತ ಬರೆದೆ. "ವಿರೋಧವಾಗಿ?" ಅಂತ ವಕೀಲರು ಅಭ್ಯಾಸಬಲದಿಂದ ಕೇಳಿ, ಖಾಲಿ ಜಗಲಿಯನ್ನು ಆ ಕಡೆ ಈ ಕಡೆ ನೋಡಿದರು. ಒಳಗಿನಿಂದ ಮಗು ಕಿರುಚಿತು.

ಪೆನ್ಸಿಲ್ ಎಲ್ಲಿ ಬಿತ್ತೋ ಗೊತ್ತಿಲ್ಲ. ನರ್ಸಮ್ಮ ಬಾಗಿಲು ತೆಗೆದು, "ಹೆಣ್ಮಗು. ತಾಯಿ, ಮಗು ಇಬ್ರೂ ಚೆನ್ನಾಗಿದಾರೆ" ಅಂದರು. ನಾನು ಕಂಬ ತಬ್ಬಿಕೊಂಡು ನಾಚಿಕೆ ಬಿಟ್ಟು ಅತ್ತೆ. ವಕೀಲರು ಕನ್ನಡಕ ತೆಗೆದು ಶಲ್ಯದಲ್ಲಿ ಒರೆಸಿ ಒರೆಸಿ, "ವಿರೋಧ ಬಲವಾಗಿದೆ ಮೇಷ್ಟ್ರೇ. ಠರಾವು ಬಿದ್ದೋಯ್ತು. ಹಂಗೇ ಬರ್ಕೋಳಯ್ಯ" ಅಂದರು.

ಮೇಷ್ಟ್ರ ಕಣ್ಣಲ್ಲೂ ಧಾರಾಕಾರ ನೀರು. ಆದರೂ ಕ್ಲಾಸಿನಲ್ಲಿ ಎತ್ತುತ್ತಿದ್ದ ಹಾಗೆ ಬೆರಳೆತ್ತಿದರು. "ಅದು ಹೆಂಗಾಗುತ್ತೆ ವಕೀಲ್ರೇ? ಅದಕ್ಕಿನ್ನೂ ಇಪ್ಪತ್ತೊಂದು ವರ್ಷ ತುಂಬಿಲ್ಲ, ಓಟು ನಡೆಯಲ್ಲ. ನಾನು ಅಮಾನತ್ತಾಗಿದೀನಿ. ಸರಿಯಾಗಿ ಬರಿಯಯ್ಯ."