ಎಣ್ಣೆ ತಲೆಯ ವಿದ್ಯುತ್ತು

ಪಾಠ ಹೇಳುವವನಿಗೆ ಪಾಠ ಅರ್ಥವಾಗಿರುತ್ತದೆ ಎಂಬ ನಂಬಿಕೆಯ ಮೇಲೆ ಲೋಕದ ಶಾಲೆ ಕಾಲೇಜುಗಳೆಲ್ಲ ನಡೆಯುತ್ತಿವೆ. ಆ ನಂಬಿಕೆಯ ನೆರಳಿನಲ್ಲೇ ನಾನೂ ಅರಸೀಕೆರೆಯ ಒಂದು ಪಿಯು ಕಾಲೇಜಿನಲ್ಲಿ ಇಪ್ಪತ್ತು ವರ್ಷದಿಂದ ಭೌತಶಾಸ್ತ್ರ ಹೇಳುತ್ತಿದ್ದೇನೆ. ಎರಡನೇ ಪಿಯುಸಿಯ ಮೊದಲ ಪಾಠ ಸ್ಥಿರವಿದ್ಯುತ್ತು. ಒಂದೇ ಜಾತಿಯ ವಿದ್ಯುದಂಶಗಳು ಒಂದನ್ನೊಂದು ದೂರ ತಳ್ಳುತ್ತವೆ, ಬೇರೆ ಜಾತಿಯವು ಸೆಳೆಯುತ್ತವೆ. ಸಂಬಂಧ ಹುಡುಕುವ ನಮ್ಮ ಹಿರಿಯರ ಕ್ರಮಕ್ಕೆ ಇದು ತದ್ವಿರುದ್ಧ. ವಿದ್ಯುದಂಶವನ್ನು ಹುಟ್ಟಿಸಲೂ ಆಗದು, ಅಳಿಸಲೂ ಆಗದು, ಒಂದರಿಂದ ಇನ್ನೊಂದಕ್ಕೆ ದಾಟಿಸಬಹುದು ಅಷ್ಟೆ. ಇದನ್ನೆಲ್ಲ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳಿಬಿಡುತ್ತೇನೆ. ಎಚ್ಚರವಿದ್ದಾಗ ಕೇಳಿದರೆ ಮಾತ್ರ ಸ್ವಲ್ಪ ಗೊಂದಲ.

ಈ ಪಾಠಕ್ಕೆಂದೇ ನನ್ನ ಜೇಬಿನಲ್ಲೊಂದು ಬಾಚಣಿಗೆ ಇರುತ್ತದೆ. ತಲೆ ಬೋಳಾಗಿ ಎಷ್ಟೋ ವರ್ಷವಾದರೂ ಬಾಚಣಿಗೆ ಬಿಟ್ಟಿಲ್ಲ ಎಂದು ಹುಡುಗರು ಬೆನ್ನ ಹಿಂದೆ ನಗುವುದು ನನಗೆ ಗೊತ್ತು. ಮುಂದಿನ ಬೆಂಚಿನ ಯಾರದಾದರೂ ತಲೆಯನ್ನು ಕಡ ಪಡೆದು, ಬಾಚಣಿಗೆಯನ್ನು ಚೆನ್ನಾಗಿ ಉಜ್ಜಿ, ಮೇಜಿನ ಮೇಲಿನ ಕಾಗದದ ಚೂರುಗಳಿಗೆ ತಾಗಿಸುತ್ತೇನೆ. ಚೂರುಗಳು ಅಂಟಿಕೊಳ್ಳುತ್ತವೆ. "ನೋಡಿದ್ರಾ, ಇದೇ ವಿದ್ಯುದಾಕರ್ಷಣೆ" ಎನ್ನುತ್ತೇನೆ. ಚಪ್ಪಾಳೆ ಬೀಳುತ್ತದೆ.

ಈ ವರ್ಷವೂ ಬಿತ್ತು. ಆಮೇಲೆ ಚೈತ್ರ ಎದ್ದು ನಿಂತಳು. ತೆಂಗಿನ ತೋಟದವರ ಮಗಳು, ಹಳ್ಳಿಯಿಂದ ಬಸ್ಸಿನಲ್ಲಿ ಬರುವವಳು, ಮಾತು ಕಡಿಮೆ. ಬಾಚಣಿಗೆ ಕೇಳಿ ಇಸಿದುಕೊಂಡು ಯಾವ ತಲೆಗೂ ಉಜ್ಜದೆ ಹಾಗೇ ಚೂರುಗಳ ಮೇಲಿಟ್ಟಳು. ಮೂರು ಚೂರು ಅಂಟಿದವು.

"ಉಜ್ಜದೇ ಇದ್ರೂ ಅಂಟ್ಕೊತೈತೆ ಸಾರ್. ಕಾಗದ ಹಾರಿ ಬರಲಿಲ್ಲ, ಬಾಚಣಿಗೆನೇ ಅದರ ಹತ್ರ ಹೋಯ್ತು."

ಬಾಚಣಿಗೆಯನ್ನು ಮೂಗಿನ ಹತ್ತಿರ ಹಿಡಿದೆ. ಘಮ್ಮೆನ್ನುವ ಕೊಬ್ಬರಿ ಎಣ್ಣೆ. ಈ ಊರಿನಲ್ಲಿ ಎಣ್ಣೆ ಕಾಣದ ತಲೆ ಇದ್ದರೆ ಅದು ನನ್ನದೊಂದೇ ಇರಬೇಕು. ಹಾಗಾದರೆ ಇಪ್ಪತ್ತು ವರ್ಷ ನಾನು ತೋರಿಸಿದ್ದು ವಿದ್ಯುತ್ತೋ, ಎಣ್ಣೆಯ ಜಿಡ್ಡೋ? ನನ್ನ ಕೂಲಂಬನ ನಿಯಮವೆಲ್ಲ ಗಾಣದಿಂದ ಬಂದದ್ದೋ? ಗಂಟೆ ಹೊಡೆದು ನನ್ನ ಮಾನ ಉಳಿಸಿತು. ಆದರೆ ಆ ಹುಡುಗಿಗೆ ಉತ್ತರ ಕೊಡದೆ ಇನ್ನೆಂದೂ ಆ ತರಗತಿಗೆ ಕಾಲಿಡುವಂತಿರಲಿಲ್ಲ.

ಅಂದು ಸೋಮವಾರ. ಮನೆಗೆ ಬಂದರೆ ನನ್ನ ಹೆಂಡತಿ ಗಿರಿಜ ತಲೆಗೆ ಸ್ನಾನ ಮಾಡಿ ಮಹಡಿಯ ಬಿಸಿಲಿನಲ್ಲಿ ಕೂದಲು ಒಣಗಿಸಿಕೊಂಡಿದ್ದಳು. ಹೊಸ ಬಾಚಣಿಗೆ ಹಿಡಿದು, ಸ್ವಲ್ಪ ತಲೆ ಬಾಚಿಕೊಡಲೇ ಎಂದೆ. ಏನು ತಪ್ಪು ಮಾಡಿ ಬಂದಿದ್ದೀರಿ ಎಂದು ಕೇಳಿದಳು. ಇಪ್ಪತ್ತು ವರ್ಷದ್ದು ಎಂದೆ. ಬಾಚಿ ಕಾಗದದ ಚೂರುಗಳ ಮೇಲೆ ಹಿಡಿದರೆ, ತಾಗುವ ಮೊದಲೇ ಪುಟಪುಟನೆ ಹಾರಿ ಬಂದವು! ಒಂದೆರಡು ಅಂಟಿದ ಮೇಲೆ ಸಿಡಿದು ದೂರ ಬಿದ್ದವು. ಬಾಚಣಿಗೆಯ ಜಾತಿಯ ವಿದ್ಯುದಂಶವನ್ನೇ ಪಡೆದು ಅದರಿಂದಲೇ ತಳ್ಳಿಸಿಕೊಂಡಿದ್ದವು. ಪುಸ್ತಕದಲ್ಲಿ ಇದ್ದ ಹಾಗೆಯೇ! ಇದನ್ನು ನಾನು ಮೊದಲ ಸಲ ನೋಡುತ್ತಿದ್ದೆ ಎಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ಖುಷಿಯೂ ಆಯಿತು.

ಮರುದಿನ ತರಗತಿಯಲ್ಲಿ ತಪ್ಪು ಒಪ್ಪಿಕೊಂಡೆ. ನಾಳೆ ಯಾರೂ ತಲೆಗೆ ಎಣ್ಣೆ ಹಚ್ಚಬೇಡಿ ಎಂದೆ. ಸಂಜೆಯೇ ಕೊಬ್ಬರಿ ಮಂಡಿಯ ಒಬ್ಬರು ಫೋನು ಮಾಡಿ, ಮಗನ ತಲೆಯ ವಿಷಯ ಇರಲಿ, ನಮ್ಮ ಕೊಬ್ಬರಿ ಮೇಲೆ ನಿಮಗೇನು ಕೋಪ ಎಂದು ವಿಚಾರಿಸಿದರು. ಬುಧವಾರ ಒಣ ತಲೆಯಲ್ಲಿ ಬಂದವಳು ಚೈತ್ರ ಒಬ್ಬಳೇ. ಕಾಗದ ಹಾರಿ ಬಂತು. ಅವಳು ನಕ್ಕಳು, ಆಮೇಲೆ ಯೋಚಿಸಿದಳು.

"ಹಂಗಾದ್ರೆ ಹಿಂದಿನ ವರ್ಷದೋರಿಗೆಲ್ಲ ಯಾರು ಹೇಳ್ತಾರೆ ಸಾರ್?"

ಆ ಮಾತು ಚುಚ್ಚಿತು. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಈಗ ಬೇಲೂರಿನ ಕಡೆ ಭೌತಶಾಸ್ತ್ರದ ಮೇಷ್ಟ್ರು. ಅವನಿಗಾದರೂ ಹೇಳೋಣವೆಂದು ಫೋನು ಮಾಡಿದೆ. ಬಾಚಣಿಗೆ ಎಂದು ಬಾಯಿ ತೆಗೆಯುವಷ್ಟರಲ್ಲಿ ಅವನೇ ಶುರು ಮಾಡಿದ.

"ನೀವು ಕಲಿಸಿದ ಪ್ರಯೋಗಾನೇ ಸಾರ್ ನಾನೂ ಮಾಡೋದು. ಒಂದು ಸಲಾನೂ ಕೈ ಕೊಟ್ಟಿಲ್ಲ. ನನ್ನ ಹುಡುಗರಲ್ಲೂ ಇಬ್ಬರು ಮೇಷ್ಟ್ರಾಗಿದ್ದಾರೆ."

ಸಂತೋಷ ಕಣಪ್ಪಾ ಎಂದು ಫೋನಿಟ್ಟೆ. ಹುಟ್ಟಿಸಲಾಗದು, ಅಳಿಸಲಾಗದು, ದಾಟಿಸಬಹುದು ಅಷ್ಟೆ ಎಂದು ಇಪ್ಪತ್ತು ವರ್ಷ ಹೇಳಿಕೊಟ್ಟವನು ನಾನೇ. ತಪ್ಪಿನ ವಿಷಯದಲ್ಲಿ ಮೊದಲನೆಯದೊಂದು ಮಾತ್ರ ಸುಳ್ಳು; ಹುಟ್ಟಿಸಿದವನು ಇಲ್ಲೇ ಕೂತಿದ್ದೇನೆ.