ಟೇಬಲ್ ಕ್ಲಾತಿನ ಎದುರು ಮೂಲೆ

ಕೃತಜ್ಞತೆ ಹೇಳುವುದರಲ್ಲಿ ನಾನು ಬಹಳ ಲೇಟು. ಕಾನ್ವೆಂಟಿನಲ್ಲಿ ಮಗ್ಗಿಗಿಂತ ಮೊದಲೇ ಥ್ಯಾಂಕ್ಯೂ ಕಲಿಸಿದ್ದರು. ಬಸ್ ಕಂಡಕ್ಟರಿಗೂ ಹೇಳಿ ಅವನನ್ನು ಗಾಬರಿ ಮಾಡುತ್ತಿದ್ದೆ. ಹೇಳಲೇಬೇಕಾಗಿದ್ದ ಒಬ್ಬರಿಗೆ ಮಾತ್ರ ಹೇಳಲಿಲ್ಲ. ಅವರು ನಮ್ಮತ್ತೆ ಗೌರಮ್ಮ.

ಐವತ್ತರ ದಶಕದ ಕೊನೆಯ ಮಾತು. ದಾವಣಗೆರೆಯ ಮಂಡಿಪೇಟೆಯ ವ್ಯಾಪಾರಸ್ಥರ ಮನೆಗೆ ಸೊಸೆಯಾಗಿ ಬಂದು ವರ್ಷವಾಗಿತ್ತು. ಹರಿಹರದ ಹುಡುಗಿಯರ ಶಾಲೆಯೊಂದಕ್ಕೆ ಗಣಿತದ ಟೀಚರ್ ಬೇಕಾಗಿದ್ದರು. ನಾನು ಅರ್ಜಿ ಹಾಕಿದೆ. ಮದ್ರಾಸ್ ಕಡೆಯ ಸಿಸ್ಟರ್ ಒಬ್ಬರು ಅಲ್ಲಿ ಹೆಡ್‌ಮಿಸ್ಟ್ರೆಸ್ಸು. ನನ್ನ ಗಣಿತವನ್ನೂ ಮನೆಯವರ ಒಪ್ಪಿಗೆಯನ್ನೂ ಒಟ್ಟಿಗೇ ನೋಡಿಬಿಡೋಣವೆಂದು ಟೀಗೆ ಬರುವುದಾಗಿ ಬರೆದರು. ಅತ್ತೆ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಆ ಕೆಲಸ ನನಗೆ ಬೇಕೇ ಬೇಕಿತ್ತು. ಇಲ್ಲದಿದ್ದರೆ ನನ್ನ ಜಾಮಿಟ್ರಿಯೆಲ್ಲ ರೊಟ್ಟಿ ಬಡಿಯುವುದರಲ್ಲೇ ಮುಗಿಯುತ್ತಿತ್ತು; ನನ್ನ ರೊಟ್ಟಿಯಾದರೋ ಒಂದು ದಿನವೂ ದುಂಡಗಾಗಿರಲಿಲ್ಲ.

ಸಿಸ್ಟರ್ ಬರುವ ದಿನ ಬೆಳಿಗ್ಗೆ, ಗಂಜಿ ಹಾಕಿ ಒಣಗಿಸಿದ್ದ ನನ್ನ ಕಸೂತಿಯ ಟೇಬಲ್ ಕ್ಲಾತು ಸೊಟ್ಟಗಾಗಿ ಕೂತಿತ್ತು. ಟೇಪು ಹಿಡಿದೆ. ನಾಲ್ಕೂ ಬದಿ ಸರಿಯಾಗಿ ಒಂದೊಂದು ಗಜ. ಆದ್ದರಿಂದ ಇದು ಸ್ಕ್ವೇರ್, ಟೇಬಲ್ಲೇ ಸೊಟ್ಟ ಎಂದು ತೀರ್ಮಾನಿಸಿ ಬಡಗಿಯನ್ನು ಒಂದಿಷ್ಟು ಬೈದೆ.

ಶಾಲೆಯ ಮೆಟ್ಟಿಲು ಹತ್ತದ ಅತ್ತೆ ಅಕ್ಕಿ ಆರಿಸುತ್ತಾ ನೋಡುತ್ತಿದ್ದರು. "ಬದಿ ಅಳದಿ, ಸರಿ. ಮೂಲೆಯಿಂದ ಎದುರು ಮೂಲೆಗೆ ಹಿಡ್ದು ನೋಡಿದೇನವ್ವ?"

ನೋಡಿದೆ. ಒಂದು ಕರ್ಣ ಇನ್ನೊಂದಕ್ಕಿಂತ ನಾಲ್ಕು ಬೆರಳು ಉದ್ದ. ಸ್ಕ್ವೇರು ಕಣ್ಣೆದುರೇ ರಾಂಬಸ್ ಆಯಿತು. ಕರ್ಣಗಳೂ ಸಮವಿದ್ದರೆ ಮಾತ್ರ ಚೌಕ ಎಂದು ಪರೀಕ್ಷೆಯಲ್ಲಿ ಬರೆದು ಫುಲ್ ಮಾರ್ಕ್ಸ್ ತೆಗೆದವಳು ನಾನೇ! ಅತ್ತೆ ಬಟ್ಟೆಗೆ ನೀರು ಚಿಮುಕಿಸಿ, ಒಂದು ಮೂಲೆ ತಾವು ಹಿಡಿದು ಎದುರಿನದನ್ನು ನನ್ನ ಕೈಗಿಟ್ಟರು. "ಗಿಡ್ಡ ಐತಲ್ಲ, ಆ ಕಡೆ ಎಳಿ. ಉದ್ದಂದು ತಾನೇ ಕುಗ್ಗತೈತೆ." ಮೂರು ಎಳೆತಕ್ಕೆ ಬಟ್ಟೆ ನೆಟ್ಟಗಾಯಿತು. ಉದ್ದ ಅಗಲ ಬೇರೆ ಬೇರೆ ಇರುವ ಹಾಸಿಗೆ ಚಾದರಕ್ಕೂ ಇದೇ ಲೆಕ್ಕವೆಂದು, ಆಯತದ ಪಾಠವನ್ನೂ ಮುಗಿಸಿ, ಅಕ್ಕಿಗೆ ಮರಳಿದರು.

ಸಂಜೆ ಸಿಸ್ಟರ್ ಬಂದರು. ಮೆಣಸಿನಕಾಯಿ ಬಜ್ಜಿಗೆ ಕಣ್ಣೊರೆಸಿಕೊಳ್ಳುತ್ತಲೇ, ನಾಲ್ಕು ಬದಿ ಸಮವಿದ್ದರೆ ಅದು ಸ್ಕ್ವೇರೇ ಅಲ್ಲವೇ ಎಂದು ಕೇಳಿದರು. ಬೆಳಿಗ್ಗೆ ಕೇಳಿದ್ದರೆ ಯೆಸ್ ಸಿಸ್ಟರ್ ಎಂದು ಕೆಡುತ್ತಿದ್ದೆ. ಕಪ್ಪು ಸಾಸರು ಎತ್ತಿಟ್ಟು, ಬಟ್ಟೆಯನ್ನು ಓರೆಯಾಗಿ ಎಳೆದು ತೋರಿಸಿದೆ.

ಒಳಗಿನಿಂದ ಅತ್ತೆಯ ದನಿ: "ಈಗ ನೆಟ್ಟಗ ಮಾಡೀವಿ, ಮತ್ತ್ಯಾಕ ಸೊಟ್ಟ ಮಾಡ್ತೀಯವ್ವ?"

ಕನ್ನಡ ಬಾರದ ಸಿಸ್ಟರ್, ಏನೆಂದರು ಎಂದು ಕೇಳಿದರು.

"ಶಿ ಹ್ಯಾಸ್ ನೋ ಅಬ್ಜೆಕ್ಷನ್," ಎಂದೆ.

ಆರ್ಡರ್ ಬಂದ ದಿನ ಅತ್ತೆ ನನ್ನನ್ನೇ ದಿಟ್ಟಿಸಿ, "ನಾ ಯಾವಾಗ ಹೂಂ ಅಂದೆ?" ಎಂದರು. ಮರುದಿನ ಹರಿಹರದ ರೈಲಿಗೆ ರೊಟ್ಟಿ ಗಂಟು ಕಟ್ಟಿಕೊಟ್ಟರು. ದುಂಡನೆಯ ರೊಟ್ಟಿ.

ವರ್ಷಗಟ್ಟಲೆ ಕರ್ಚೀಫು ಎಳೆದೆಳೆದು ಆ ಪಾಠ ಮಾಡಿದೆ. ಹುಡುಗಿಯರು ಅದಕ್ಕೆ 'ಮಿಸ್ ಮೆಥಡ್' ಎಂದು ಹೆಸರಿಟ್ಟರು. ಎಲ್ಲ ಕಾನ್ವೆಂಟಿನ ವಿದ್ಯೆ ಎಂದು ಅತ್ತೆಯೂ ಓಣಿಯಲ್ಲೆಲ್ಲ ಹೇಳಿಕೊಂಡರು. ನಾನು ತಿದ್ದಲಿಲ್ಲ.

ಆ ಬಟ್ಟೆ ಇನ್ನೂ ಇದೆ, ಒಗೆದಾಗಲೆಲ್ಲ ಇನ್ನೂ ಸೊಟ್ಟಗಾಗುತ್ತದೆ. ಅತ್ತೆ ಹಿಡಿಯುತ್ತಿದ್ದ ಎದುರು ಮೂಲೆಯನ್ನು ಈಗ ಕಿಟಕಿಯ ಸರಳಿಗೆ ಕಟ್ಟಿ ಎಳೆಯುತ್ತೇನೆ. ನೆಟ್ಟಗಾದ ಮೇಲೆ ಥ್ಯಾಂಕ್ಯೂ ಎನ್ನುತ್ತೇನೆ, ಸರಳಿಗೆ.