ನನ್ನ ಅನುಮಾನದ ಮೂಗು

ತಮಿಳುನಾಡಿನ ಸೇಲಂನಲ್ಲಿ, ಕುಡಿತ ಬಿಡಿಸೋ ವಾರ್ಡಲ್ಲಿ ಹತ್ತು ವರ್ಷ ನರ್ಸಾಗಿದ್ದರೆ ಜನರ ಮಾತಿನ ಮೇಲಿನ ನಂಬಿಕೆಯೆಲ್ಲ ಮೂಗಿನ ಮೇಲೆ ಬಂದು ಕೂರುತ್ತೆ. ಯಾರು ಬಾಯಿ ತೆಗೆದರೂ ನಾನು ಮೊದಲು ವಾಸನೆ ನೋಡ್ತೀನಿ, ಮಾತು ಕೇಳೋದು ಆಮೇಲೆ. ಹಂಗಾಗಿ ವಾರಕ್ಕೊಂದಾದರೂ ಫಜೀತಿ ನನಗೆ ಕಟ್ಟಿಟ್ಟಿದ್ದು.

೧. ಹೋದ ಹಲ್ಲು

ಪೆನ್ನಾಗರಂ ಕಡೆಯ ಸ್ಕೂಲ್ ವ್ಯಾನ್ ಡ್ರೈವರ್ ಒಬ್ಬ, ನಲವತ್ತರ ಆಸುಪಾಸಿನವನು, ತಾಯಿ ಜೊತೆ ಬಂದ. ಬಂದ ಅಂದರೆ ತಪ್ಪು, ಅಂಗಿ ಹಿಡಿದು ಎಳ್ಕೊಂಡು ಬಂದಿದ್ದೇ ತಾಯಿ. ವ್ಯಾನ್ ಓನರು ಕೀ ಕಿತ್ತುಕೊಂಡು, "ಮೂರು ತಿಂಗಳು ಕುಡೀಲಿಲ್ಲ ಅಂತ ಆಸ್ಪತ್ರೆ ಲೆಟರ್ ತಾ, ಇಲ್ಲಾಂದ್ರೆ ಬೇರೆ ಆಳು ನೋಡ್ಕೋತೀನಿ" ಅಂದಿದ್ದನಂತೆ. ಸರಿಯಾಗೇ ಅಂದಿದ್ದ, ಸಣ್ಣ ಮಕ್ಕಳು ಕೂರೋ ಗಾಡಿ ಅದು.

"ದಿನಕ್ಕೆ ಎಷ್ಟಪ್ಪಾ?" ಅಂದೆ.

"ಒಂದೇ ಕ್ವಾರ್ಟರ್ ಸಿಸ್ಟರ್. ಅದೂ ಮೈಕೈ ನೋವಿಗೆ."

ಅವನ ಬೆನ್ನ ಹಿಂದೆ ಅವನ ತಾಯಿ, ಆ ಅಜ್ಜಿ, ಮೂರು ಬೆರಳೆತ್ತಿದಳು. ನಾನು ಮೂರು ಅಂತ ಬರ್ಕೊಂಡೆ. ಆಗಲೇ ಕಂಡಿದ್ದು, ಅಜ್ಜಿ ಕೆನ್ನೆ ಒಂದು ಕಡೆ ಉಬ್ಬಿತ್ತು.

"ಬಾಯಲ್ಲೇನಜ್ಜಿ, ಹೊಗೆಸೊಪ್ಪಾ?"

"ಅಲ್ಲು ನೋವು ಕಣವ್ವ, ಅದ್ಕೇ ಒಂಚೂರು ಇಕ್ಕಂಡಿವ್ನಿ."

"ಎಲ್ಲಿ, ಆ ಅನ್ನು." ಆ ಅಂದಳು. ಒಂದು ಹಲ್ಲೂ ಇಲ್ಲ!

"ಹಲ್ಲೇ ಇಲ್ವಲ್ಲಜ್ಜಿ!"

"ಓಗಿರೋ ಅಲ್ಲೇ ಕಣವ್ವ ಜಾಸ್ತಿ ನೋಯೋದು," ಅಂದಳು.

೨. ಮನೆಯಲ್ಲೂ ಡ್ಯೂಟಿ

ಅದೇ ವಾರ ನಮ್ಮ ಮನೆಯವರು ಆಫೀಸಿಂದ ಬರುವಾಗ ಬಾಯಲ್ಲಿ ಏಲಕ್ಕಿ ಘಮಘಮ. ಏಲಕ್ಕಿ ಹಿಂದೆ ಏನಿರುತ್ತೆ ಅಂತ ನನಗೆ ಗೊತ್ತಿಲ್ವಾ? ಬಾಗಿಲಲ್ಲೇ ನಿಲ್ಲಿಸಿ "ಊದಿ" ಅಂದೆ. ಊದಿದರು. "ಟೈಲ್ಸ್ ಗೆರೆ ಮೇಲೆ ನಡೀರಿ" ಅಂದೆ. ಪಾಪ, ಅದನ್ನೂ ನೆಟ್ಟಗೇ ನಡೆದರು. ನಾನು ಬಿಡಲಿಲ್ಲ. ಕೊನೆಗೆ ತಲೆ ತಗ್ಗಿಸಿ, ಡಾಕ್ಟರು ಬೇಡ ಅಂದಿದ್ದ ಎಣ್ಣೆ ಬೋಂಡಾ ತಿಂದಿದ್ದನ್ನ ಒಪ್ಪಿಕೊಂಡರು.

"ಎಷ್ಟು?"

"ಒಂದೇ ಕಣೇ."

ನಾನು ಮನಸ್ಸಲ್ಲೇ ಮೂರು ಅಂತ ಬರ್ಕೊಂಡೆ.

೩. ಫ್ಲಾಸ್ಕು

ಡ್ರೈವರನ್ನ ಎರಡು ವಾರ ವಾರ್ಡಲ್ಲಿಟ್ಟುಕೊಂಡು, ಆಮೇಲೆ ಡಾಕ್ಟರು ಮಾತ್ರೆ ಕೊಟ್ಟರು. ಆ ಮಾತ್ರೆ ತಗೊಳ್ಳೋರು ಒಂದು ಗುಟುಕು ಕುಡಿದರೂ ಮುಖ ಕೆಂಪಾಗಿ, ಎದೆ ಹೊಡ್ಕೊಂಡು, ವಾಂತಿ ಆಗುತ್ತೆ. ಜೀವಕ್ಕೇ ಕುತ್ತು ಬರಬಹುದು. ಬ್ರಾಂದಿ, ಬೀರು, ಕಳ್ಳು, ಸಾರಾಯಿ ಯಾವುದೂ ಕೂಡದು ಅಂತ ಬೆರಳು ಮಡಿಸಿ ಹೇಳಿದೆ. ಅಜ್ಜಿಗೆ, "ಮೂರು ತಿಂಗಳು ಮಗನನ್ನ ಬಾಣಂತಿ ನೋಡ್ಕೊಂಡಂಗೆ ನೋಡ್ಕೋಬೇಕು" ಅಂತ ಬೇರೆ ಹೇಳಿದೆ.

ಹದಿನೈದು ದಿನಕ್ಕೊಮ್ಮೆ ತೋರಿಸೋಕೆ ಬರ್ತಿದ್ದ. ಬರಬರ್ತಾ ಅವನ ಅವತಾರ ನೋಡಿ ನನಗೆ ಅನುಮಾನ ಏರ್ತಾನೇ ಹೋಯ್ತು. ಉರಿಬಿಸಿಲಲ್ಲಿ ತಲೆ ಕಿವಿ ಸುತ್ತಿ ಮಫ್ಲರು! ಬಾಯಿ ತೆಗೆದರೆ ಗಪ್ಪನೆ ಬೆಳ್ಳುಳ್ಳಿ! ನನ್ನ ಮೂಗು ಮುಚ್ಚೋಕೇ ಈ ಉಪಾಯ ಅಂದ್ಕೊಂಡೆ. ಕಂಕುಳಲ್ಲಿ ಒಂದು ಫ್ಲಾಸ್ಕು ಬೇರೆ.

"ತೆಗಿ ಅದನ್ನ."

"ಸತ್ತಿಯಮಾ ಸಿಸ್ಟರ್, ಸತ್ಯವಾಗ್ಲೂ ಏನೂ ಇಲ್ಲ."

ಕಿತ್ತುಕೊಂಡು ಮುಚ್ಚಳ ತೆಗೆದು, ಮೂಗು ಒಳಗಿಟ್ಟು ಜೋರಾಗಿ ಎಳೆದೆ. ಬರೀ ಬಿಸಿನೀರು. ಆವಿ ಹೊಡೆದು ನನ್ನ ಮೂಗು ಎರಡು ದಿನ ಕೆಂಪಗಿತ್ತು. ವಾರ್ಡಲ್ಲಿದ್ದವರೆಲ್ಲ ನನ್ನನ್ನೇ ಅನುಮಾನದಿಂದ ನೋಡಿದರು.

೪. ಲೆಟರ್ ದಿನ

ಮೂರು ತಿಂಗಳು ಮುಗೀತು. ಲೆಟರ್ ಟೈಪಾಗಿ ಮೇಜಿನ ಮೇಲಿತ್ತು, ಡಾಕ್ಟರ ಸೈನ್ ಒಂದೇ ಬಾಕಿ. ಡ್ರೈವರು ಒಳಗೆ ಬಂದ. ಮುಖ ಕೆಂಪು ಕೆಂಪು, ಎದೆ ಡವಡವ, ಬಕೆಟ್ ಹಿಡಿಯೋಷ್ಟರಲ್ಲಿ ವಾಂತಿ.

ಮಲಗಿಸಿ, ಬಿಪಿ ನೋಡಿ, ಡಾಕ್ಟರನ್ನ ಕರೆಸಿದೆ. ಜೀವಕ್ಕೆ ಭಯವಿಲ್ಲ ಅಂತ ಗೊತ್ತಾದ ಮೇಲೆ ನನಗೆ ಸಿಟ್ಟು ನೆತ್ತಿಗೇರ್ತು. "ಇವತ್ತೇ ಕುಡಿಬೇಕಿತ್ತೇನಯ್ಯಾ ನಿಂಗೆ? ಈ ಕೈಗೆ ಮಕ್ಕಳ ಗಾಡಿ ಕೊಡ್ಬೇಕಾ?"

ಅವನು ಅಳೋಕೇ ಶುರು ಮಾಡಿದ. "ಮುಟ್ಟಿಲ್ಲ ಸಿಸ್ಟರ್, ನನ್ ಮಕ್ಳಾಣೆ."

ನಾನು ಲೆಟರ್ ಹರಿಯೋಕೆ ಎರಡು ಕೈಯಲ್ಲಿ ಹಿಡಿದೆ. ಅಜ್ಜಿ ಎದ್ದು ನಿಂತಳು.

"ಅರೀಬ್ಯಾಡ ಕಣವ್ವ! ಮನೆ ಬಿಟ್ಟು ಎಲ್ಲೂ ಓಗಿಲ್ಲ. ಬೆಳಿಗ್ಗೆ ನಾನ್ ಕೊಟ್ಟಿದ್ ಬುಟ್ರೆ ಏನೂ ಕುಡ್ದಿಲ್ಲ."

"ಏನು ಕೊಟ್ಟೆ?"

ಚೀಲದಿಂದ ಒಂದು ಬಾಟ್ಲಿ ತೆಗೆದಳು. ಬಾಣಂತಿಯರಿಗೆ ಕೊಡೋ ಆಯುರ್ವೇದದ ಟಾನಿಕ್ಕು, ಅರಿಷ್ಟ!

"ನೀನೇ ಏಳ್ದಲ್ಲವ್ವಾ, ಬಾಣಂತಿ ನೋಡ್ಕಂಡಂಗೆ ನೋಡ್ಕಾ ಅಂತ? ಕಿವಿಗೆ ಅತ್ತಿ ಇಕ್ದೆ, ತಲೆಗೆ ಬಟ್ಟೆ ಕಟ್ದೆ, ಬೆಳ್ಳುಳ್ಳಿ ಸಾರು ಉಣ್ಸ್ದೆ, ತಣ್ಣೀರು ಮುಟ್ಟಕ್ಕೆ ಬುಡ್ನಿಲ್ಲ. ಇವತ್ತು ಕೆಲ್ಸಕ್ಕೋಯ್ತಾನೆ, ಮೈಗೆ ತೆಂಬು ಬರ್ಲಿ, ಸಕ್ತಿ ಬರ್ಲಿ ಅಂತ ಇದೂ ಒಂದ್ ಲೋಟ ಕೊಟ್ಟೆ. ತಪ್ಪಾ?"

ಬಾಟ್ಲಿ ತಿರುಗಿಸಿ ಓದಿದೆ. ಆಲ್ಕೋಹಾಲ್ ಇದೆ ಅಂತ ಸಣ್ಣ ಅಕ್ಷರದಲ್ಲಿ ಬರೆದಿತ್ತು. ನಾನು ಬೆರಳು ಮಡಿಸಿ ಹೇಳಿದ ಪಟ್ಟಿಯಲ್ಲಿ ಅರಿಷ್ಟ ಇರಲಿಲ್ಲ. ಯಾವ ಮಾತ್ರೆಯೂ ನುಂಗದೆ ನನ್ನ ಮುಖ ಕೆಂಪಾಯ್ತು. ಮೂರು ತಿಂಗಳು ಎಲ್ಲರನ್ನೂ ಮೂಸಿದ್ದೆ, ತಪ್ಪು ಮಾತ್ರ ನನ್ನ ಬಾಯಲ್ಲೇ ಇತ್ತು. ಡಾಕ್ಟರ ಹತ್ತಿರ ಇದ್ದದ್ದು ಇದ್ದಂಗೆ ಹೇಳಿಬಿಟ್ಟೆ. ಅವರು ಮಾರನೇ ದಿನದವರೆಗೆ ಅವನನ್ನ ವಾರ್ಡಲ್ಲೇ ಇಟ್ಟುಕೊಂಡು, ಆಮೇಲೆ ಸೈನ್ ಹಾಕಿದರು.

ಲೆಟರ್ ಕೈಗೆ ಕೊಟ್ಟೆ. ಎರಡು ಸಲ ಓದಿದ, ಆದರೂ ಹೋಗದೆ ನಿಂತ. ನನಗೆ ಮತ್ತೆ ಅನುಮಾನ.

"ಇನ್ನೇನಯ್ಯಾ?"

ಬಾಗಿಲಾಚೆ ಮಫ್ಲರು ಹಿಡಿದು ಕಾಯ್ತಿದ್ದ ತಾಯಿ ಕಡೆ ನೋಡಿ, ಮೆತ್ತಗೆ ಅಂದ: "ಕುಡೀಲಿಲ್ಲ ಅಂತ ಬರ್ದಿದೀರ ಸಿಸ್ಟರ್, ರೊಂಬ ಸಂತೋಷ. ಕೆಳಗೆ ಇನ್ನೊಂದು ಲೈನ್ ಸೇರ್ಸಿ ಸೀಲ್ ಆಕಿ, ಅಮ್ಮಂಗೆ ತೋರ್ಸಕ್ಕೆ. ಬಾಣಂತನ ಮುಗೀತು ಅಂತ!"